ಪೆಂಗ್ವಿನ್ ಹಿಡಿದು ಮರುಮೌಲ್ಯಮಾಪನ

ಅನ್ಯಾಯವನ್ನು ಕಂಡೂ ಸುಮ್ಮನಿರುವ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ತಪ್ಪು ನನ್ನ ಶಾಲೆಯದು. ಅಲ್ಲಿ ಅಂಕಗಳಿರಲಿಲ್ಲ, ರ್‍ಯಾಂಕ್ ಇರಲಿಲ್ಲ, ಬೆತ್ತವಂತೂ ಇರಲೇ ಇಲ್ಲ. ಓಟದ ಪಂದ್ಯದಲ್ಲಿ ಸಹ ನಾವೆಲ್ಲರೂ ಕೈಕೈ ಹಿಡಿದು ಒಟ್ಟಿಗೇ ಗುರಿ ಮುಟ್ಟಿ, ಬಳಿಕ ಬೇವಿನ ಮರದ ಕೆಳಗೆ ದುಂಡಗೆ ಕುಳಿತು, ಓಡುವಾಗ ಯಾರ ಮನಸ್ಸಿಗೆ ಏನನ್ನಿಸಿತು ಎಂದು ಚರ್ಚಿಸುತ್ತಿದ್ದೆವು. ಅಂಥ ಶಾಲೆಯಲ್ಲಿ ಬೆಳೆದವಳು ಡಬ್ಲಿನ್ನಿಗೆ ಬಂದು ಬ್ಲಾಂಚರ್ಡ್ಸ್‌ಟೌನಿನಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆ? ಬಾರದ ಬಸ್ಸಿನ ಮೇಲೆ, ಬಂದರೂ ನಿಲ್ಲದ ಬಸ್ಸಿನ ಮೇಲೆ, ಬಾಡಿಗೆದಾರರ ಒದ್ದೆ ಬಟ್ಟೆಗೆ ಜಾಗ ಕೊಡದ ಮನೆ ಮಾಲೀಕರ ಮೇಲೆ ದೂರು ಬರೆಯುವುದರಲ್ಲೇ ವಾರಾಂತ್ಯಗಳು ಮುಗಿಯುತ್ತವೆ. ಆಸ್ಪತ್ರೆಯಲ್ಲಿ ವೈದ್ಯನಾಗಿರುವ ನನ್ನ ಗಂಡ ಸಂಜೆ ಮನೆಗೆ ಬಂದವನೇ, "ಇವತ್ತು ಎಷ್ಟು ಅನ್ಯಾಯ ಸಿಕ್ತು?" ಎಂದು ತರಕಾರಿಯ ಬೆಲೆ ವಿಚಾರಿಸುವ ಧ್ವನಿಯಲ್ಲಿ ಕೇಳುತ್ತಾನೆ.

ನಾನು ಒಂದು ಸಣ್ಣ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹೋದ ಸೆಪ್ಟೆಂಬರಿನಲ್ಲಿ ಐಸ್ ಹಾಕಿ ಕ್ಲಬ್ಬಿನ ಸಲಹೆಗಾರ್ತಿಯ ಸ್ಥಾನವೂ ನನ್ನ ಪಾಲಿಗೆ ಬಂತು. ಬೇರೆ ಯಾರೂ ಒಪ್ಪದ ಕಾರಣ ಅದು ಅವಿರೋಧ ಆಯ್ಕೆ. ಇಲ್ಲಿ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ಈ ದೇಶದಲ್ಲಿ ಆಕಾಶದಿಂದ ಬೀಳುವ ನೀರಿಗೆ ಕೊರತೆಯಿಲ್ಲ. ಆದರೆ ಅದನ್ನು ಹೆಪ್ಪುಗಟ್ಟಿಸಿ ವರ್ಷವಿಡೀ ಇಟ್ಟುಕೊಂಡಿರುವ ಐಸ್ ಅಂಗಳ ಒಂದೂ ಇಲ್ಲ. ನಮ್ಮ ಐಸ್ ಹಾಕಿ ಆಟಗಾರರು ಕಾಲೇಜಿನ ಹಾಲ್‌ನ ಮರದ ನೆಲದ ಮೇಲೆ ಕಾಲುಚೀಲ ತೊಟ್ಟು ಜಾರುತ್ತಾರೆ. ನಿಜವಾದ ಐಸ್ ಬೇಕೆಂದರೆ ಉತ್ತರಕ್ಕೆ, ಬೆಲ್‌ಫಾಸ್ಟ್ ಕಡೆಗೆ ಹೋಗಬೇಕು. ಇಷ್ಟು ಸಾಲದೆಂದು ಕಾಲೇಜು ಈ ವರ್ಷ ಹೊಸ ನಿಯಮ ಮಾಡಿತ್ತು: ಕ್ರಿಸ್ಮಸ್‌ಗೆ ಮೊದಲು ಐಸ್ ಮೇಲೆ ಒಂದು ಪಂದ್ಯವನ್ನಾದರೂ ಆಡದಿದ್ದರೆ ಕ್ಲಬ್ಬನ್ನು ಮುಚ್ಚಲಾಗುವುದು. ಸಾಲ್ಸಾ ನೃತ್ಯದವರು ಆಗಲೇ ಬಂದು ನಮ್ಮ ಹಾಲ್ ಅಳೆದುಕೊಂಡು ಹೋಗಿದ್ದರು.

ಕ್ಲಬ್ಬಿನ ನಾಯಕಿ ಕ್ವೀವಾ, ಕೆಂಗೂದಲಿನ, ಡಬ್ಲಿನ್ನಿನದೇ ಕ್ಲಾಂಡಾಲ್ಕಿನ್ ಬಡಾವಣೆಯ ಹುಡುಗಿ. ಒಂದು ವರ್ಷ ಅಮೆರಿಕದ ಯಾವುದೋ ಸಣ್ಣ ಕಾಲೇಜಿನಲ್ಲಿ ಓದಿ ಬಂದವಳು. ಅಲ್ಲಿಂದ ಅವಳು ಒಂದು ಪದ್ಧತಿಯನ್ನು ಹೊತ್ತು ತಂದಿದ್ದಳು. ಅಲ್ಲಿ ಪ್ರತಿ ವರ್ಷ ತಂಡಕ್ಕೆ ಸೇರುವ ಹೊಸಬರನ್ನೆಲ್ಲ ಒಂದು ಬ್ಯಾಚ್ ಎಂದು ಪರಿಗಣಿಸಿ, ಎತ್ತರ, ತೂಕ, ವೇಗಗಳನ್ನು ಅಳೆದು, ಒಬ್ಬೊಬ್ಬರಿಗೂ ಇಷ್ಟಿಷ್ಟು ಸ್ಟಾರ್ ಕೊಟ್ಟು, ಇಡೀ ಬ್ಯಾಚಿನ ಯೋಗ್ಯತೆಯನ್ನು ನಿರ್ಧರಿಸುತ್ತಾರಂತೆ. ಕೇಳಿ ನನ್ನ ಮೈ ಉರಿಯಿತು. ಸಂತೆಯಲ್ಲಿ ದನದ ಹಲ್ಲು ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದೂ ನಮ್ಮಲ್ಲಿ ಹೊಸಬರೆಂದರೆ ಯಾರು? ಕ್ಲಬ್ಬುಗಳು ಸದಸ್ಯರನ್ನು ಸೇರಿಸಿಕೊಳ್ಳುವ ದಿನ ನಾವಿಟ್ಟ ಉಚಿತ ಪಿಜ್ಜಾಕ್ಕೆ ಕೈ ಹಾಕಿ ಸಿಕ್ಕಿಬಿದ್ದವರು.

"ಸ್ಟಾರ್ ಬೇಡ ಅಂದ್ರೆ ಟೀಮ್ ಹೇಗೆ ಆರಿಸೋದು?" ಎಂದು ಕ್ವೀವಾ ಕೇಳಿದಳು.

ಹೇಗೆಂದು ತೋರಿಸಿದೆ. ನನ್ನ ಮೌಲ್ಯಮಾಪನದಲ್ಲಿ ವೇಗಕ್ಕೆ ಜಾಗವಿರಲಿಲ್ಲ. ಡಿಕ್ಕಿ ಹೊಡೆದ ಮೇಲೆ ಕ್ಷಮೆ ಕೇಳುವವರು ಯಾರು, ಚೆಂಡು ಸಿಗದೆ ಮೂಲೆಯಲ್ಲಿ ನಿಂತವರಿಗೆ ಅದನ್ನು ದಾಟಿಸುವವರು ಯಾರು, ಕೊನೆಯಲ್ಲಿ ಸಾಮಾನು ಎತ್ತಿಡುವವರು ಯಾರು, ಇವೇ ಮಾನದಂಡಗಳು. (ಚೆಂಡು ಎಂದೆ. ಅದು ಚಪ್ಪಟೆಯಾದ ರಬ್ಬರ್ ಬಿಲ್ಲೆ. ಈ ಆಟದಲ್ಲಿ ಗುಂಡಗಿರುವುದು ಸಲಹೆಗಾರ್ತಿ ಮಾತ್ರ ಎಂಬುದು ನನ್ನ ಗಂಡನ ಅಭಿಪ್ರಾಯ. ದೇಹವನ್ನು ಕುರಿತ ಇಂಥ ಹಾಸ್ಯವೂ ಒಂದು ಅನ್ಯಾಯವೇ.) ಎಲ್ಲ ಮಾನದಂಡಗಳಲ್ಲೂ ಎದ್ದು ಕಂಡವಳು ಬೆಳಗಾವಿಯಿಂದ ಎಂ.ಎಸ್ಸಿ. ಓದಲು ಬಂದ ಸ್ಫೂರ್ತಿ. ಚಿಕ್ಕಂದಿನಿಂದ ಗಾಲಿ ಸ್ಕೇಟಿಂಗ್ ಮಾಡಿದವಳು, ಐಸನ್ನು ಮಾತ್ರ ಕಬ್ಬಿನ ಹಾಲಿನಲ್ಲಷ್ಟೇ ಕಂಡವಳು. ಗೋಲಿನ ಮುಂದೆ ನಿಲ್ಲಿಸಿದರೆ ಅವಳನ್ನು ದಾಟಿ ಏನೂ ಹೋಗುತ್ತಿರಲಿಲ್ಲ.

"ಇದನ್ನೆಲ್ಲಿ ಕಲಿತೆ?" ಎಂದೆ.

"ಮನ್ಯಾಗ ಮೂರು ಮಂದಿ ಅಣ್ಣಾರ್ರಿ, ಅಕ್ಕಾರ. ಕ್ರಿಕೆಟ್ ಆಡಾಕ ಹೋದ್ರ ನನ್ನ ವಿಕೆಟ್ ಹಿಂದ ನಿಂದ್ರಸ್ತಿದ್ರು."

"ನೋಡು! ಹೆಣ್ಣುಮಕ್ಕಳನ್ನು ಯಾವಾಗಲೂ ಹಿಂದೆಯೇ ನಿಲ್ಲಿಸುವ ವ್ಯವಸ್ಥೆ—"

"ಇಲ್ರಿ, ನಂಗ ಅಲ್ಲೇ ಬೇಕಾಗಿತ್ರಿ. ಜಗಳಾ ಮಾಡಿ ತಗೊಂಡಿದ್ದೆ."

ನನ್ನ ಭಾಷಣ ಅರ್ಧಕ್ಕೇ ನಿಂತರೂ ಅವಳು ಗೋಲ್‌ಕೀಪರ್ ಆದಳು. ಬೆಲ್‌ಫಾಸ್ಟಿನ ಕಾಲೇಜೊಂದರ ಜೊತೆ ಪಂದ್ಯ ಗೊತ್ತಾಯಿತು, ಬಸ್ಸೂ ಗೊತ್ತಾಯಿತು. "ಯಾರನ್ನೂ ಹೊರಗಿಡದ ಆಯ್ಕೆ" ಎಂದು ನಾನು ಇಡೀ ಕಾಲೇಜಿಗೆ ಹೆಮ್ಮೆಯಿಂದ ಇಮೇಲ್ ಕಳಿಸಿದೆ. ಅದನ್ನು ಓದಿ ಸ್ಫೂರ್ತಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಬೆಲ್‌ಫಾಸ್ಟ್ ಅಂದ್ರ ಯುಕೆ ಅಲ್ರಿ? ನನ್ನ ವೀಸಾದ ಮ್ಯಾಲ ಅಲ್ಲಿಗೆ ಹೋಗಾಕ ಬರೂದಿಲ್ರಿ. ಬ್ಯಾರೆ ವೀಸಾ ಬೇಕ್ರಿ. ನನಗಷ್ಟ ಅಲ್ಲ, ಇನ್ನೂ ಮೂರು ಮಂದಿಗೆ."

ಕುಳಿತಿದ್ದ ನಾನು ಇನ್ನೊಮ್ಮೆ ಕುಳಿತೆ. ಆ ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ರಸ್ತೆಯ ಫಲಕಗಳಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ. ನಾನು ಪರದೆ ಬಟ್ಟೆ ಕೊಳ್ಳಲು ಅತ್ತ ಹೋಗಿ ಬರುತ್ತೇನೆ. ಬಸ್ಸು, ಬಾಡಿಗೆ, ಬಟ್ಟೆ ಒಣಹಾಕುವ ಹಗ್ಗ, ಎಲ್ಲ ಅನ್ಯಾಯಗಳನ್ನೂ ಕಂಡ ಈ ಕಣ್ಣಿಗೆ ಇದೊಂದು ಬೀಳಲಿಲ್ಲ. ಸಂಜೆ ಗಂಡನಿಗೆ ಹೇಳಿದರೆ ಅವನು ನಗಲಿಲ್ಲ. "ನಮಗೂ ಮೊದಲು ಆ ಗಡಿ ಕಾಣ್ತಿತ್ತು ಕಣೇ. ಐರಿಶ್ ಪಾಸ್‌ಪೋರ್ಟ್ ಬಂತಲ್ಲ, ಅವತ್ತಿಂದ ಕಾಣ್ತಿಲ್ಲ" ಎಂದ. ಅವನು ನಕ್ಕಿದ್ದರೆ ವಾಸಿಯಿತ್ತು.

ನಾನು ಎರಡೂ ಸರ್ಕಾರಗಳಿಗೆ ಮನವಿ ಬರೆಯಲು ಕುಳಿತೆ. ಕ್ವೀವಾ ನನ್ನ ಭುಜದ ಮೇಲಿಂದ ಒಂದು ಪುಟ ಓದಿ, "ಇದು ಗ್ರ್ಯಾಂಡ್" ಎಂದಳು. (ಇಲ್ಲಿನವರ ಬಾಯಲ್ಲಿ ಅದಕ್ಕೆ "ಪರವಾಗಿಲ್ಲ" ಎಂದಷ್ಟೇ ಅರ್ಥ.) "ಆದ್ರೆ ಅವರ ಉತ್ತರ ಬರುವಷ್ಟರಲ್ಲಿ ನಾನು ಅಜ್ಜಿ ಆಗಿರ್ತೀನಿ. ನಾವು ಹೋಗೋಕಾಗಲ್ಲ ಅಂದ್ರೆ ಅವರೇ ಬರಲಿ" ಎಂದಳು. ಎಲ್ಲಿಗೆ ಬರಬೇಕು? ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗೆಂದು ಕಾರ್ ಪಾರ್ಕ್ ಒಂದರಲ್ಲಿ ತಾತ್ಕಾಲಿಕ ಐಸ್ ಅಂಗಳ ಹಾಕುತ್ತಾರಲ್ಲ, ಅಲ್ಲಿಗೆ! ಬೆಳಗ್ಗೆ ಮಕ್ಕಳು ಬರುವ ಮುಂಚಿನ ಒಂದು ತಾಸು ನಮಗೆ ಸಿಕ್ಕಿತು. ಮೇಲ್ವಿಚಾರಕರದು ಒಂದೇ ಷರತ್ತು: ಸ್ಕೇಟಿಂಗ್ ಬಾರದವರು, ಮಕ್ಕಳು ಬೀಳದಂತೆ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪೆಂಗ್ವಿನ್ ಹಿಡಿದೇ ಆಡಬೇಕು.

ಹೀಗೆ ನಮ್ಮ ಅರ್ಧ ತಂಡ ಒಂದು ಕೈಯಲ್ಲಿ ಹಾಕಿ ಕೋಲನ್ನೂ ಇನ್ನೊಂದು ಕೈಯಲ್ಲಿ ಪೆಂಗ್ವಿನ್ನನ್ನೂ ಹಿಡಿದು ಕಣಕ್ಕಿಳಿಯಿತು. ಮೇಲಿಂದ ತುಂತುರು ಮಳೆ, ಕೆಳಗೆ ಕರಗುವ ಐಸು. ಉತ್ತರದವರು ನಕ್ಕು ನಕ್ಕು ತಾವೇ ಬಿದ್ದರು. ನಮ್ಮವರು ಬಿದ್ದು, ಎದ್ದು, ಪ್ರತಿ ಡಿಕ್ಕಿಗೂ ಕ್ಷಮೆ ಕೇಳಿದರು, ಪೆಂಗ್ವಿನ್ನಿಗೂ ಕೇಳಿದರು. ನನ್ನ ಮಾನದಂಡ ಫಲಿಸಿತ್ತು. ಸ್ಫೂರ್ತಿ ಗೋಲಿನ ಮುಂದೆ ಮಂಡಿಯೂರಿ, ಕೂತು, ಮಲಗಿ, ಎಲ್ಲ ಭಂಗಿಗಳಲ್ಲೂ ತಡೆಯುತ್ತ, "ಅಕ್ಕಾರ, ಭಾಳ ಜಾರತೈತ್ರಿ!" ಎಂದು ಸಂತೋಷದಿಂದ ಕಿರುಚುತ್ತಿದ್ದಳು. ನಮ್ಮ ಏಕೈಕ ಗೋಲು ಒಂದು ಪೆಂಗ್ವಿನ್ನಿನ ಹೊಟ್ಟೆಗೆ ಬಡಿದು ಒಳಗೆ ಹೋಯಿತು. ಉತ್ತರದವರು ಎಷ್ಟು ಹೊಡೆದರೆಂಬುದನ್ನು ನಾನು ತಾತ್ವಿಕ ಕಾರಣಗಳಿಂದ ಲೆಕ್ಕವಿಡಲಿಲ್ಲ. ಆದರೆ ಕ್ಲಬ್ ಉಳಿಯಿತು. ಐಸ್ ಮೇಲೆ ಪಂದ್ಯ ಆಡಬೇಕೆಂದಿತ್ತೇ ಹೊರತು ಗೆಲ್ಲಬೇಕೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ.

ಎಲ್ಲರೂ ಸ್ಕೇಟ್ ಬಿಚ್ಚುತ್ತಿದ್ದಾಗ ಕ್ವೀವಾ ಘೋಷಿಸಿದಳು: "ಸಲಹೆಗಾರ್ತಿಯೂ ಈ ವರ್ಷದ ಹೊಸಬರೇ. ಅವರಿಗೂ ಸ್ಟಾರ್ ಕೊಡಬೇಕು." ತಂಡ ಗುಂಪುಗೂಡಿ ಗುಸುಗುಸು ಮಾಡಿತು. ತೀರ್ಪನ್ನು ಸ್ಫೂರ್ತಿ ಓದಿದಳು: ಐದಕ್ಕೆ ಎರಡೂವರೆ.

"ಎರಡೂವರೆಯೇ? ಯಾಕೆ?" ಎಂದೆ. ಧ್ವನಿ ನನ್ನದೇ.

"ಗಡಿ ಮರತಿದ್ದಕ್ಕ ಅರ್ಧಾ ಸ್ಟಾರ್ ಕಟ್ ಮಾಡೇವ್ರಿ. ಉಳದ ಎರಡು ಯಾಕಂದ್ರ, ನೀವು ಇಷ್ಟೊತ್ತು ಬೇಲಿ ಹೊರಗ ನಿಂತು ಮಾತಾಡಿದ್ರಿ. ಐಸ್ ಮ್ಯಾಲ ಕಾಲ ಇಟ್ಟಿಲ್ಲಲ್ರಿ?"

ಅಂಕ, ಸ್ಟಾರ್ ಕೊಡುವ ಪದ್ಧತಿಯನ್ನು ಜೀವಮಾನವಿಡೀ ವಿರೋಧಿಸಿದ ನಾನು ಆಗ ಮಾಡಬೇಕಾಗಿದ್ದದ್ದು ಒಂದೇ: ಆ ಎರಡೂವರೆಯನ್ನು ತಿರಸ್ಕರಿಸುವುದು. ತಿರಸ್ಕರಿಸಿದೆ. ಪಕ್ಕದವರಿಂದ ಸ್ಕೇಟ್ ಕಸಿದು ಕಾಲಿಗೆ ಕಟ್ಟಿ, ಪೆಂಗ್ವಿನ್ನಿನ ಕುತ್ತಿಗೆಗೆ ಜೋತುಬಿದ್ದು, ಆಗಷ್ಟೇ ಒಳಗೆ ಬರುತ್ತಿದ್ದ ಪುಟಾಣಿಗಳ ನಡುವೆ ಒಂದು ಸುತ್ತು ಹೊರಟೆ. ಐದು ವರ್ಷದ ಒಬ್ಬ ಮಹಾನುಭಾವ ಕೈ ಬೀಸುತ್ತ ನನ್ನನ್ನು ಹಿಂದೆ ಹಾಕಿ, "ಯೂ ಆರ್ ಗ್ರ್ಯಾಂಡ್, ಮಿಸಸ್" ಎಂದು ಧೈರ್ಯ ಹೇಳಿ ಹೋದ. ನನಗೆ ಅವನ ಪ್ರಮಾಣಪತ್ರ ಸಾಕಾಗಲಿಲ್ಲ. ಬೇಲಿಯ ಬಳಿ ತಲುಪುತ್ತಿದ್ದಂತೆ, ಮೈಯೆಲ್ಲ ಒದ್ದೆಯಾಗಿ, ಪೆಂಗ್ವಿನ್ ಬಿಡದೆ, ಏದುಸಿರಿನಲ್ಲಿ ಕೂಗಿದೆ: "ಈಗ? ಈಗ ಎಷ್ಟು?"