ಜೂನ್ ತಿಂಗಳ ಹೊಟ್ಟೆಕಿಚ್ಚು

ಸ್ಕೂಲು ಶುರುವಾಯಿತೆಂದರೆ ನಾನು ತೂಕದ ಮಿಷನ್ನು, ಕಣ್ಣಿನ ಚಾರ್ಟು, ಸೂಜಿ ಡಬ್ಬಿ ಹೊತ್ತುಕೊಂಡು ತುಮಕೂರಿನಲ್ಲಿ ಬಸ್ಸು ಹತ್ತುತ್ತಿದ್ದೆ. ಮಕ್ಕಳ ಕಾಯಿಲೆ ಹುಡುಕುವುದು ನರ್ಸಾದ ನನ್ನ ಕೆಲಸ. ಹುಳುವಿಗೆ ಮಾತ್ರೆ ಇತ್ತು, ಕಜ್ಜಿಗೆ ಮುಲಾಮಿತ್ತು. ವರ್ಷವರ್ಷವೂ ತಪ್ಪದೆ ಸಿಗುತ್ತಿದ್ದ ಹೊಟ್ಟೆಕಿಚ್ಚಿಗೆ ಮಾತ್ರ ನನ್ನ ಚೀಲದಲ್ಲಿ ಏನೂ ಇರಲಿಲ್ಲ.

ಒಂದು ಕೇಜಿ

ತೊಂಬತ್ತರ ದಶಕದ ಶುರು. ಹೆಬ್ಬೂರಿನಲ್ಲಿ ಒಂದೇ ಮನೆಯ ಇಬ್ಬರು ವಾರಗಿತ್ತಿಯರು ಹೆಣ್ಣುಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದರು. ತೂಕ ಮಾಡಿದೆ. ದೊಡ್ಡವಳ ಮಗಳು ಒಂದು ಕೇಜಿ ಜಾಸ್ತಿ. ಚಿಕ್ಕ ವಾರಗಿತ್ತಿಯ ಮುಖ ಸಪ್ಪಗಾಯಿತು.

"ನಿಮ್ ಮಿಷನ್ ಸರಿಯಿಲ್ಲ ಸಿಸ್ಟರ್. ನನ್ ಮಗಳು ಮುದ್ದೆ ಉಣ್ಣೋದು ನೀವ್ ನೋಡಿಲ್ಲ."

ಮತ್ತೆ ತೂಗಿದೆ. ಅಷ್ಟೇ ಬಂತು. ಮಗುವಿನ ಕಾಲಿಗೆ ತನ್ನ ಚಪ್ಪಲಿಯನ್ನೇ ತೊಡಿಸಿ ನಿಲ್ಲಿಸಿದಳು. ಬಿಚ್ಚಿಸಿದೆ. "ಎರಡು ಮಕ್ಕಳೂ ಚೆನ್ನಾಗಿವೆ ಕಣಮ್ಮ, ಬುಡು" ಅಂದರೂ ಬಿಡಲಿಲ್ಲ. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ಅವಳ ಮಗಳ ತಲೇಲಿ ಹೇನೇ ಒಂದ್ ಕೇಜಿ ಅವೆ. ಅದನ್ನ ಕಳ್ದು ಬರ್ಕೊಳಿ."

ಅಕ್ಕನ ಕನ್ನಡಕ

ಗುಬ್ಬಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಹುಡುಗಿಗೆ ನಿಜವಾಗಿಯೂ ಬೋರ್ಡು ಕಾಣುತ್ತಿರಲಿಲ್ಲ. ಕನ್ನಡಕ ಕೊಡಿಸಿದೆವು. ಹಾಕಿಕೊಂಡಾಗ "ಅಯ್ಯೋ, ಮರದಲ್ಲಿ ಎಲೆ ಬಿಡಿಬಿಡಿ ಕಾಣ್ತವೆ!" ಅಂತ ಅತ್ತೇಬಿಟ್ಟಳು.

ಮುಂದಿನ ವಾರ ಅವಳ ತಂಗಿ ನನ್ನ ಮುಂದೆ ನಿಂತಳು. ಚಾರ್ಟಿನ ಅತಿ ದೊಡ್ಡ ಅಕ್ಷರ ತೋರಿಸಿದೆ.

"ಕಾಣಲ್ಲ ಸಿಸ್ಟರ್."

"ಚಾರ್ಟು ಕಾಣ್ತದಾ?"

"ಯಾವ ಚಾರ್ಟು?"

ಹತ್ತಡಿ ಆಚೆ ಮೇಜಿನ ಮೇಲೆ ಫ್ರೇಮುಗಳ ಪೆಟ್ಟಿಗೆ ಇತ್ತು. "ಪಾಪ, ಕನ್ನಡಕ ಕೊಡಲೇಬೇಕು. ಯಾವುದು ಬೇಕಮ್ಮ?" ಅಂದೆ.

ನಿಂತಲ್ಲಿಂದಲೇ ಬೆರಳು ತೋರಿಸಿದಳು. "ಎರಡನೇ ಸಾಲಲ್ಲಿ ಮೂರನೇದು. ಕಡ್ಡಿ ಮೇಲೆ ಸಣ್ಣ ಹೂವಿದೆಯಲ್ಲ, ಅದು."

ಅಳದ ಮಕ್ಕಳು

ಇದು ನನ್ನದೇ ಹೊಟ್ಟೆಕಿಚ್ಚು. ಎರಡು ಸಾವಿರದ ಇಸವಿ ದಾಟಿತ್ತು. ಕುಣಿಗಲ್ ಕಡೆಯ ಸ್ಕೂಲುಗಳಿಗೆ ನನ್ನ ಜೊತೆ ಹೊಸ ಸಿಸ್ಟರ್ ಒಬ್ಬಳು ಬಂದಳು. ಇಂಜೆಕ್ಷನ್‌ಗೆ ಎರಡು ಸಾಲು. ನನ್ನ ಸಾಲಿನಲ್ಲಿ ಗೋಳೋ ಅಂತ ಅಳು. ಒಬ್ಬ ಕಿಟಕಿ ಹಾರಿದ, ಇನ್ನೊಬ್ಬಳು ನನ್ನ ಕೈ ಕಚ್ಚಿದಳು. ಹೊಸ ಸಿಸ್ಟರ್ ಸಾಲಿನಲ್ಲಿ ಒಂದು ಸದ್ದಿಲ್ಲ. ಜೊತೆಗೆ ಬಂದಿದ್ದ ಡಾಕ್ಟರು ಎಲ್ಲರೆದುರೇ, "ಇಷ್ಟು ವರ್ಷ ಸರ್ವೀಸಾಯ್ತಲ್ರೀ, ಅವರ ಕೈ ನೋಡಿ ಕಲೀರಿ" ಅಂದರು.

ಹೊಟ್ಟೆ ಉರಿಯಿತು. ಮರುದಿನ ಪೆಪ್ಪರ್‌ಮೆಂಟು ಹಂಚಿದೆ. ತಿಂದು ಅತ್ತರು. ಕನ್ನಡಿ ಮುಂದೆ ನಗುವುದನ್ನು ಅಭ್ಯಾಸ ಮಾಡಿಕೊಂಡು ಹೋದೆ. ನಕ್ಕಿದ್ದು ನೋಡಿ ಇನ್ನೂ ಜೋರಾಗಿ ಅತ್ತರು.

ಕೊನೆಗೆ ತಡೆಯಲಾರದೆ, ಅವಳ ಹತ್ತಿರ ಸೂಜಿ ಚುಚ್ಚಿಸಿಕೊಂಡು ಹಲ್ಲು ಕಚ್ಚಿ ಹೊರಗೆ ಬಂದ ಹುಡುಗಿಯನ್ನು ಹಿಡಿದು ನಿಲ್ಲಿಸಿದೆ.

"ನೋಯ್ಲಿಲ್ವೇನೇ?"

"ಬೋ ನೋಯ್ತದೆ."

"ಮತ್ತೆ ಯಾಕೆ ಅಳ್ಲಿಲ್ಲ?"

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅತ್ರೆ ಇನ್ನೊಂದ್ ಸೂಜೀನ ನಿಮ್ ಕೈಲಿ ಹಾಕಿಸ್ತೀನಿ ಅಂದವ್ರೆ."