ಮಸ್ಕತ್ ಸೀಟು

“ಮಗುವಿನ ಜೀವದ ಜೊತೆ ಆಟ ಆಡ್ತೀರಾ ಪುಂಡರೀಕಾಕ್ಷರೇ? ನೋಡಿ ಇಲ್ಲಿ, ಒಂದು ಬೆರಳು ತಾಗಿಸಿದ್ರೆ ಸಾಕು, ಸೀಟು ಕುಣೀತದೆ!”

“ತಾಗಿಸಿದ್ದು ಬೆರಳಲ್ಲ, ಇಡೀ ಮೈ ಹಾಕಿ ಎಳೆದದ್ದು ನೀವು. ಹಾಗೆ ಎಳೆದ್ರೆ ಡೊಂಬಿವಲಿ ಸ್ಟೇಷನ್ನೂ ಕುಣೀತದೆ.”

“ಅಧಿಕಪ್ರಸಂಗ ಬೇಡ! ಕೆಲಸ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ.”

“ನಿಮಗೆ ಗೊತ್ತುಂಟಲ್ಲ, ನೀವೇ ಕೂರಿಸಿ. ಮಸ್ಕತ್ತಿಂದ ಹೊತ್ತು ತಂದದ್ದು ನೀವಲ್ವಾ?”

“ಮಸ್ಕತ್ತಲ್ಲಿ ಅದನ್ನೆಲ್ಲ ಕಂಪೆನಿ ಡ್ರೈವರ್ ಮಾಡುದು. ನಾನು ಕಾರಲ್ಲಿ ಕೂತುಕೊಳ್ಳುದು ಮಾತ್ರ!”

ಈ ಜಗಳ ನಡೆಯುತ್ತಿದ್ದದ್ದು ಡೊಂಬಿವಲಿ ಪೂರ್ವದಲ್ಲಿ, ರಮಾಕಾಂತ ರಾಯರ ಹೋಟೆಲಿನ ಹಿಂದಿನ ಅಂಗಳದಲ್ಲಿ. ಅರಚುತ್ತಿದ್ದವನು ರಾಯರ ಅಳಿಯ ಸಂಕರ್ಷಣ. ಕೈಯಲ್ಲಿ ಬಂಗಾರದ ಬಣ್ಣದ ಗಡಿಯಾರ, ಬಾಯಲ್ಲಿ ಹೊತ್ತುಹೊತ್ತಿಗೆ “ನಮ್ಮ ಮಸ್ಕತ್ತಲ್ಲಿ ಹೀಗಲ್ಲ.” ಅರಚಿಸಿಕೊಳ್ಳುತ್ತಿದ್ದವನು ಹೋಟೆಲಿನ ಸಪ್ಲಾಯರುಗಳ ಮೇಸ್ತ್ರಿ ಪುಂಡರೀಕಾಕ್ಷ. ಇಬ್ಬರ ನಡುವೆ ರಾಯರ ಅಂಬಾಸಿಡರ್ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು, ದನದ ಡಾಕ್ಟರನ್ನು ಕಂಡ ಎಮ್ಮೆಯಂತೆ ನಿಂತಿತ್ತು. ಅದರ ಹಿಂದಿನ ಸೀಟಿನ ಮೇಲೆ ಇನ್ನೊಂದು ಸೀಟು.

ಅಂಥ ಸೀಟನ್ನು ಆ ಓಣಿಯಲ್ಲಿ ಯಾರೂ ಕಂಡವರಲ್ಲ. ಮಾರುತಿ ಕಾರು ಹೋದರೆ ಜನ ನಿಂತು ನೋಡುತ್ತಿದ್ದ ಕಾಲ ಅದು. ಕೆಳಗೆ ಪ್ಲಾಸ್ಟಿಕ್ಕಿನ ಬೋಗುಣಿ, ಒಳಗೆ ದಪ್ಪ ಗಾದಿ, ಎದೆಯ ಮೇಲೆ ಹಾಯುವ ಪಟ್ಟಿಗಳು, ಪಟ್ಟಿಗಳು ಕೂಡುವಲ್ಲಿ ಕೆಂಪು ಗುಂಡಿಯ ಕೊಂಡಿ, ಬೆನ್ನಲ್ಲಿ ಎರಡು ಉದ್ದನೆಯ ತೂತು. ಕಾರು ಹತ್ತಿದ ಮಗು ಇದರಲ್ಲೇ ಕೂರಬೇಕಂತೆ. ಆ ತೂತಿನಲ್ಲಿ ಕಾರಿನ ಬೆಲ್ಟು ಹಾಯಿಸಿ ಬಿಗಿಯಬೇಕಂತೆ. ರಾಯರ ಅಂಬಾಸಿಡರಿನಲ್ಲಿ ಬೆಲ್ಟು ಎಂಬುದು ಇಂಜಿನ್ನಿನ ಫ್ಯಾನಿಗೆ ಒಂದಿತ್ತು, ಡ್ರೈವರ್ ದೇಜಪ್ಪನ ಸೊಂಟಕ್ಕೆ ಒಂದಿತ್ತು. ಮೂರನೆಯದು ಇರಲಿಲ್ಲ.

ಪುಂಡರೀಕಾಕ್ಷ ಈ ಕೆಲಸಕ್ಕೆ ಸಿಕ್ಕಿಬಿದ್ದದ್ದು ತನ್ನ ಬಾಯಿಂದಲೇ. ಹಿಂದಿನ ದಿನ ಊಟಕ್ಕೆ ಬಡಿಸುವಾಗ ಅಳಿಯ ಈ ಸೀಟಿನ ಮಾತೆತ್ತಿದ. “ಅದೆಂತ ದೊಡ್ಡ ವಿಷಯ? ಗ್ರೈಂಡರ್ ಕೂರಿಸಿದವ ನಾನು, ಪಂಪು ಕೂರಿಸಿದವ ನಾನು,” ಎಂದುಬಿಟ್ಟ ಪುಂಡರೀಕಾಕ್ಷ. ರಮಾಕಾಂತ ರಾಯರಿಗೆ ಅಳಿಯನೆಂದರೆ ಹೆದರಿಕೆ. ಸಾರಿನ ಕೈ ಎತ್ತಿಯೇ ಹೇಳಿದರು, “ಹಾಗಾದ್ರೆ ಕೇಳು ಪುಂಡರೀಕ. ನಾಳೆ ಸೀಟನ್ನು ಸರಿಯಾಗಿ ಕೂರಿಸಿ ಅಳಿಯನ ಬಾಯಿ ಮುಚ್ಚಿಸು. ವಾಶಿಯ ಗಲ್ಲಾದಲ್ಲಿ ನಿನ್ನನ್ನು ಕೂರಿಸ್ತೇನೆ. ದೇವರಾಣೆ.”

ವಾಶಿಯಲ್ಲಿ ರಾಯರ ಹೊಸ ಹೋಟೆಲು. ಅದರ ಪ್ರಾರಂಭ ಈವತ್ತೇ. ಅಲ್ಲಿಯ ಗಲ್ಲಾಕ್ಕೆಂದು ತಿರುಗುವ ಕುರ್ಚಿ ತರಿಸಿದ್ದರು. ಹಸಿರು ರೆಕ್ಸಿನ್, ಕೈ ಇಡಲು ಕೈ, ಬೆನ್ನಿಗೆ ಬೆನ್ನು. ಪುಂಡರೀಕಾಕ್ಷ ಅದನ್ನು ಟೆಂಪೋದಿಂದ ಇಳಿಸುವಾಗ ಒಮ್ಮೆ ಮುಟ್ಟಿ ನೋಡಿದ್ದ. ಮೀಸೆ ಮೂಡದ ಪ್ರಾಯದಲ್ಲಿ ಉಡುಪಿಯಿಂದ ಬಂದು ಟೇಬಲು ಒರೆಸಿದವನು, ಈಗ ತಲೆ ನೆರೆತಿದೆ. ಆವತ್ತಿನಿಂದ ಈವತ್ತಿನವರೆಗೆ ನಿಂತದ್ದೇ ನಿಂತದ್ದು. ಮೊಣಕಾಲಿನ ಕೆಳಗೆ ರಕ್ತನಾಳಗಳು ಶ್ಯಾವಿಗೆಯಂತೆ ಎದ್ದಿದ್ದವು. ಗಿರಾಕಿ ಕೂರುತ್ತಾನೆ, ಧಣಿ ಕೂರುತ್ತಾನೆ, ಬೆಕ್ಕೂ ಅಕ್ಕಿ ಮೂಟೆಯ ಮೇಲೆ ಕೂರುತ್ತದೆ. ಮೇಸ್ತ್ರಿ ಕೂತರೆ ಹೋಟೆಲು ಮುಳುಗುತ್ತದೆ ಎಂಬುದು ರಾಯರ ಸಿದ್ಧಾಂತ. ಆ ಕುರ್ಚಿಗಾಗಿ ಪುಂಡರೀಕಾಕ್ಷ ಮಗುವಿನ ಸೀಟನ್ನೇನು, ವಿಮಾನದ ರೆಕ್ಕೆಯನ್ನಾದರೂ ಕೂರಿಸುತ್ತಿದ್ದ.

“ಶುಕ್ರವಾರ ಮಾರಾಯ, ಹತ್ತೂವರೆಗೆ ರಾಹುಕಾಲ! ಅದರ ಮುಂಚೆ ಗಲ್ಲಾ ಪೂಜೆ ಆಗ್ಬೇಕು. ಬೇಗ ಬೇಗ!” ಎಂದು ರಾಯರು ಮೇಲಿನ ಮನೆಯ ಕಿಟಕಿಯಿಂದ ಕೂಗಿದರು.

ಜಗಳದ ಸದ್ದಿಗೆ ಪಕ್ಕದ ಬಿಲ್ಡಿಂಗಿನ ಮುರಾರಿ ಲುಂಗಿಯಲ್ಲೇ ಇಳಿದು ಬಂದ. ಬೆಂಗಳೂರಿನವನು, ರೈಲ್ವೆ ನೌಕರ. ಓಣಿಯಲ್ಲಿ ನಲ್ಲಿ ಸೋರಿದರೂ ಹಸು ಕರು ಹಾಕಿದರೂ ಮೊದಲು ಹಾಜರು.

“ಏನ್ರೀ ಇದು, ಇಷ್ಟಕ್ಕೆಲ್ಲ ಜಗಳಾನಾ? ಡಬ್ಬದ ಮೇಲೇ ಚಿತ್ರ ಇದೆಯಲ್ರೀ!” ಎಂದು ರಟ್ಟಿನ ಡಬ್ಬವನ್ನು ತಿರುಗಿಸಿದ. ಅಕ್ಷರವೆಲ್ಲ ಅರಬ್ಬಿ. ಚಿತ್ರ ಎರಡು. ಒಂದರಲ್ಲಿ ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂತಿತ್ತು. ಇನ್ನೊಂದರಲ್ಲಿ ಮುಂದಕ್ಕೆ ಮುಖ ಮಾಡಿತ್ತು. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಎರಡು ದಪ್ಪ ಗೆರೆಗಳ ಕೆಂಪು ಗುಣಾಕಾರ ಚಿಹ್ನೆ.

“ಗುಣಾಕಾರ ಇರೋದೇ ಸರಿಯಾದ್ದು,” ಎಂದ ಮುರಾರಿ.

“ತಪ್ಪಿಗಲ್ವಾ ಆ ಗುರುತು ಹಾಕುದು?” ಎಂದ ಪುಂಡರೀಕಾಕ್ಷ.

“ನಿಮ್ಮ ಸ್ಕೂಲಲ್ಲಿ ತಪ್ಪಿಗೆ. ನಮ್ಮ ರೈಲ್ವೇಲಿ ಕೊನೇ ಡಬ್ಬಿ ಬೆನ್ನಿಗೆ ಆ ಗುರುತು ಕಂಡ್ರೇನೇ ಗಾಡಿ ಪೂರ್ತಿ ಬಂದಿದೆ, ಎಲ್ಲಾ ಓಕೆ ಅಂತ. ಗುರುತು ಇಲ್ದಿದ್ರೇ ಡೇಂಜರ್! ಇಷ್ಟು ಜನ ಓಡಾಡೋ ರೈಲ್ವೆಗಿಂತ ನಿಮ್ಮ ಮೇಷ್ಟ್ರು ದೊಡ್ಡೋರೇನ್ರೀ?”

ಸಂಕರ್ಷಣ ಗಂಭೀರವಾಗಿ ತಲೆಯಾಡಿಸಿದ. “ಹೌದು, ನಮ್ಮ ಮಸ್ಕತ್ತಲ್ಲೂ ಹಾಗೇ.” ಮಸ್ಕತ್ತಿನಲ್ಲಿ ರೈಲೇ ಇಲ್ಲವೆಂಬುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಅಂತೂ ಸೀಟನ್ನು ಮುಂದಕ್ಕೆ ಮುಖ ಮಾಡಿ ಇಟ್ಟರು. ಅಷ್ಟರಲ್ಲಿ ರಾಯರ ತಾಯಿ ರಮಾಮಣಿಯಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲಿಳಿದರು. ಸೂರ್ಯನನ್ನು ನೋಡಿದರು, ಕಾರನ್ನು ನೋಡಿದರು, ಸೀಟನ್ನು ನೋಡಿದರು.

“ಎಂತ ಪುಂಡರೀಕ, ನಿಂಗೆ ಬುದ್ಧಿ ಉಂಟಾ? ಒಳ್ಳೆ ಕೆಲಸಕ್ಕೆ ಹೊರಡುವ ಮಗುವನ್ನು ಪಡುವಣಕ್ಕೆ ಮುಖ ಮಾಡಿ ಕೂರಿಸುದಾ? ತಿರುಗಿಸು, ಮೂಡಕ್ಕೆ ತಿರುಗಿಸು!”

ಕಾರು ಪಶ್ಚಿಮಕ್ಕೆ ಮೂತಿ ಮಾಡಿ ನಿಂತಿತ್ತು. ಸೀಟು ಹಿಂದಕ್ಕೆ ತಿರುಗಿತು. ಹೀಗೆ, ಡಬ್ಬದ ಮೇಲೆ ಗೆರೆ ಎಳೆಯದೆ ಬಿಟ್ಟಿದ್ದ ಚಿತ್ರದಂತೆ ಅದು ಸರಿಯಾದ ದಿಕ್ಕಿಗೆ ಬಂತು. ಅದಕ್ಕೆ ರೈಲ್ವೆಯೂ ಕಾರಣವಲ್ಲ, ಮಸ್ಕತ್ತೂ ಕಾರಣವಲ್ಲ.

“ಅಮ್ಮಾ, ಮೂಲೆಯಲ್ಲಿ ಕಾರು ತಿರುಗಿದ ಮೇಲೆ?” ಎಂದು ದೇಜಪ್ಪ ಕೇಳಿದ.

“ಹೊರಡುವಾಗಿನ ದಿಕ್ಕು ಮುಖ್ಯ. ನೀನು ಸ್ಟೇರಿಂಗ್ ನೋಡಿಕೊ.”

ಇನ್ನು ಉಳಿದದ್ದು ಅಲ್ಲಾಡದಂತೆ ಬಿಗಿಯುವುದು. ಹೋಟೆಲಿಗೆ ಅಕ್ಕಿ ಹೊತ್ತು ಹಾಕಲು ಬಂದಿದ್ದ ಕಲಬುರಗಿಯ ಹಮಾಲ ಸೈದಪ್ಪ ಆಗಿನಿಂದ ಬೀಡಿ ಸೇದುತ್ತ ಈ ತಮಾಷೆ ನೋಡುತ್ತಿದ್ದ. ಎದ್ದು ಬಂದು ಹೆಗಲ ಮೇಲಿನ ಹಗ್ಗ ಇಳಿಸಿದ.

“ಸರೀರಿ ಮೇಸ್ತ್ರಿ. ಟ್ರಕ್ಕಿನ್ಯಾಗ ಮೂಟಿ ಕಟ್ಟದಂಗ ಕಟ್ತೀನಿ. ನಾ ಕಟ್ಟಿದ ಗಂಟು ಅಲ್ಲಾಡಂಗಿಲ್ಲ.”

“ಬಿಚ್ಚಲಿಕ್ಕೆ ಬರ್ತದಲ್ಲ?”

“ಕಟ್ಟಾಕ ರೊಕ್ಕ ಕೊಡ್ತಾರ್ರಿ ನಮಗ. ಬಿಚ್ಚಾಕ ಯಾರು ಕೊಡ್ತಾರ?”

ಸೈದಪ್ಪ ತೂತಿನಲ್ಲಿ ಹಗ್ಗ ತೂರಿಸಿ, ಸೀಟಿನಡಿ ಎಳೆದು, ಡಿಕ್ಕಿಯೊಳಗಿನ ಕಬ್ಬಿಣಕ್ಕೆ ಸುತ್ತಿ, ಕಾಲು ಕೊಟ್ಟು ಬಿಗಿದ. ಅಂಬಾಸಿಡರ್ ನರಳಿತು. ಸಂಕರ್ಷಣ ಎರಡೂ ಕೈಯಿಂದ ಎಳೆದ. ಕಾರು ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ.

“ಈಗ ಸರಿಯಾಯ್ತು,” ಎಂದ ಅಳಿಯ. “ಈಗ ಮಸ್ಕತ್ತಿನ ಹಾಗೇ ಉಂಟು.”

ಪುಂಡರೀಕಾಕ್ಷನಿಗೆ ಹಸಿರು ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಕಿಟಕಿಯತ್ತ ತಿರುಗಿ, “ಧಣಿಗಳೇ, ಪಾಸ್!” ಎಂದು ಕೂಗಿದ.

ಹೊಸ ವಸ್ತು, ಪೂಜೆಯಾಗದೆ ಬಳಸುವುದುಂಟೆ? ರಮಾಮಣಿಯಮ್ಮ ಗಾದಿಗೆ ಕುಂಕುಮವಿಟ್ಟರು, ಪಟ್ಟಿಗೆ ಹೂ ಸಿಕ್ಕಿಸಿದರು, ಕಣ್ಣು ಮುಚ್ಚಿ ಮುಷ್ಟಿ ತುಂಬ ಅಕ್ಷತೆ ಎರಚಿದರು. ಅರಿಸಿನದ ಅಕ್ಕಿಕಾಳು ಸೀಟಿನ ಸಂದುಗೊಂದಿಗೆಲ್ಲ ಉದುರಿತು. ಪುಂಡರೀಕಾಕ್ಷನೂ ಭಕ್ತಿಯಿಂದ ಕೈ ಮುಗಿದ.

ಆಮೇಲೆ ಎಲ್ಲರೂ ಕಾರು ಹತ್ತಿದರು. ಮುಂದೆ ದೇಜಪ್ಪ, ರಾಯರು, ಇಬ್ಬರ ನಡುವೆ ದೀಪದ ಕಂಬ ಮತ್ತು ಹೂವಿನ ಬುಟ್ಟಿ. ಹಿಂದೆ ರಮಾಮಣಿಯಮ್ಮ, ರಾಯರ ಮಗಳು ಪ್ರಭಾ, ಅಳಿಯ, ಸೀಟು. ಪುಂಡರೀಕಾಕ್ಷ ವಾಶಿಯ ಹೋಟೆಲಿನಲ್ಲಿ ಸ್ಥಾಪಿಸಬೇಕಾದ ಹಿತ್ತಾಳೆಯ ಗಣಪತಿಯನ್ನು ಎದೆಗವಚಿಕೊಂಡು ಹಿಂದಿನ ಬಾಗಿಲಿಗೆ ಬಂದ. ಗಣಪತಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂರಬೇಕಾದವನು ಅವನು. ಹಾಗೆಂದು ಮೊದಲೇ ಮಾತಾಗಿತ್ತು. ಆದರೆ ಅವನ ಜಾಗದಲ್ಲಿ ಅವನೇ ಕೂರಿಸಿದ ಸೀಟು ಕೂತಿತ್ತು.

ಪ್ರಭಾ ಮಗುವನ್ನು ಸೀಟಿಗಿಳಿಸಿದಳು. ಬೆನ್ನು ತಾಗಿತೋ ಇಲ್ಲವೋ, ಮಗು ಕಿರುಚಿದ ಕಿರುಚಾಟಕ್ಕೆ ಕಾಗೆಗಳು ತಂತಿ ಬಿಟ್ಟು ಹಾರಿದವು.

“ಇವ ಒಂದು ದಿನವೂ ಇದ್ರಲ್ಲಿ ಕೂತವನಲ್ಲ!” ಎಂದು ಪ್ರಭಾ ಗಂಡನ ಮೇಲೆ ರೇಗಿದಳು. “ಮಸ್ಕತ್ತಲ್ಲೂ ನನ್ನ ತೊಡೆಯೇ. ನಿಮ್ಮದು ಬರೀ ಶೋಕಿ!” ಮಗುವನ್ನೆತ್ತಿ ತೊಡೆಗೆ ಹಾಕಿಕೊಂಡಳು. ಅಳು ನಿಂತಿತು. ಸಂಕರ್ಷಣ ಗಡಿಯಾರ ನೋಡಿಕೊಂಡ.

ಪುಂಡರೀಕಾಕ್ಷನಿಗೆ ಜೀವ ಬಂತು. “ಹಾಗಾದ್ರೆ ಸೀಟು ಬಿಚ್ಚುವ, ಧಣಿಗಳೇ, ನಾನು ಕೂತುಕೊಳ್ತೇನೆ.” ಸೈದಪ್ಪನ ಗಂಟಿಗೆ ಕೈ ಹಾಕಿದ. ಉಗುರು ಕಿತ್ತು ಬಂತು, ಗಂಟು ಬರಲಿಲ್ಲ. ಸೈದಪ್ಪ ಆಗಲೇ ಮುಂದಿನ ಓಣಿಯಲ್ಲಿದ್ದ.

“ಹೊತ್ತಾಯ್ತು!” ಎಂದು ರಾಯರು ಅರಚಿದರು.

“ಸೀಟು ಖಾಲಿ ಉಂಟಲ್ಲ,” ಎಂದರು ರಮಾಮಣಿಯಮ್ಮ. “ಪೂಜೆಯೂ ಆಗಿದೆ, ಮೂಡಕ್ಕೂ ಮುಖ ಉಂಟು. ದೇವರನ್ನೇ ಅದ್ರಲ್ಲಿ ಕೂರಿಸು.”

ಗಣಪತಿ ಪುಂಡರೀಕಾಕ್ಷನ ಕೈಯಿಂದ ಸೀಟಿಗೆ ಹೋದ. ಅಳತೆ ಕೊಟ್ಟು ಮಾಡಿಸಿದಂತೆ ಹೊಟ್ಟೆ ಸೇರಿಕೊಂಡಿತು. ಸಂಕರ್ಷಣ ಸಿಕ್ಕಿದ್ದೇ ಅವಕಾಶವೆಂದು ಪಟ್ಟಿ ಎಳೆದು ಕೊಂಡಿ ಹಾಕಿದ. ಟಕ್ ಎಂದಿತು.

“ನೀನು ಲೋಕಲ್ ಹಿಡಿದು ಬಾ ಪುಂಡರೀಕ,” ಎಂದರು ರಾಯರು, ಕಾರು ಹೊರಟ ಮೇಲೆ.

ಅವನು ಓಡಿದ. ಬೆಳಗಿನ ಲೋಕಲ್ಲಿನಲ್ಲಿ ಠಾಣೆಯವರೆಗೆ ಒಂದು ಕಾಲ ಮೇಲೆ ನಿಂತ. ಇನ್ನೊಂದು ಕಾಲಿಡಲು ನೆಲವಿರಲಿಲ್ಲ. ಠಾಣೆಯಿಂದ ಬಸ್ಸಿನಲ್ಲಿ ಎರಡೂ ಕಾಲ ಮೇಲೆ ನಿಂತ. ರಬಾಳೆಯಲ್ಲಿ ಫ್ಯಾಕ್ಟರಿ ಲಾರಿಯೊಂದು ರಸ್ತೆಗಡ್ಡ ಕೆಟ್ಟು ನಿಂತಿತ್ತು, ಅಲ್ಲಿಯೂ ನಿಂತ. ನಿಂತಲ್ಲೆಲ್ಲ ಹಸಿರು ಕುರ್ಚಿಯನ್ನೇ ನೆನೆದ. ಈವತ್ತೊಂದು ದಿನ ನಿಂತರಾಯಿತು, ನಾಳೆಯಿಂದ ಬರುವವರೆಲ್ಲ ನಿಂತು ನನಗೆ ದುಡ್ಡು ಕೊಡಲಿ.

ವಾಶಿಗೆ ತಲಪಿದಾಗ ರಾಹುಕಾಲ ಅರ್ಧ ಕಳೆದಿತ್ತು. ಹೊಸ ಹೋಟೆಲಿನ ತುಂಬ ಜನ, ಕಾಫಿ, ಊದುಬತ್ತಿ. ಪುಂಡರೀಕಾಕ್ಷ ಬೆವರೊರೆಸಿಕೊಂಡು ನೇರ ಗಲ್ಲಾದ ಕಡೆ ನಡೆದ. ನೋಡಿದರೆ ಹಸಿರು ಕುರ್ಚಿಯಲ್ಲಿ ಗಣಪತಿ ಕೂತಿದ್ದಾನೆ. ಬರೀ ಗಣಪತಿಯಲ್ಲ, ಮಸ್ಕತ್ ಸೀಟಿನ ಸಮೇತ ಕೂತಿದ್ದಾನೆ. ಎದೆಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಹೂಹಾರ, ಸೀಟಿನ ಬೆನ್ನಿಂದ ಸೈದಪ್ಪನ ಹಗ್ಗದ ತುಂಡು ಬಾಲದಂತೆ ಇಳಿಬಿದ್ದಿತ್ತು.

“ಕೊಂಡಿ ಬಿಚ್ಚಲೇ ಇಲ್ಲ ಮಾರಾಯ್ರೆ,” ಎಂದು ದೇಜಪ್ಪ ಪಿಸುಗುಟ್ಟಿದ. “ಅಳಿಯಂದಿರು ಒತ್ತಿದ್ರು, ಧಣಿಗಳು ಒತ್ತಿದ್ರು, ಭಟ್ರೂ ಒತ್ತಿದ್ರು. ರಾಹುಕಾಲ ಹತ್ತಿರ ಬಂತು. ಪಟ್ಟಿ ಕೊಯ್ಲಿಕ್ಕೆ ಅಳಿಯಂದಿರು ಬಿಡ್ಲಿಲ್ಲ. ಕಡೆಗೆ ತೆಂಗಿನಕಾಯಿ ಕತ್ತಿಯಲ್ಲಿ ಹಗ್ಗ ಕೊಯ್ದು ಸೀಟಿನ ಸಮೇತ ಹೊತ್ತು ತಂದದ್ದು. ದೇವರ ಗೂಡಿನಲ್ಲಿ ಹಿಡಿಸ್ಲಿಲ್ಲ. ಈ ಕುರ್ಚಿಯಲ್ಲಿ ಹಿಡಿಸ್ತು. ಇಲ್ಲಿಯೇ ಮಂಗಳಾರತಿ ಆಯ್ತು.”

ಪುಂಡರೀಕಾಕ್ಷ ಬಗ್ಗಿ ಕೆಂಪು ಗುಂಡಿಯನ್ನು ನೋಡಿದ. ಅದರ ಸಂದಿನಿಂದ ಹಳದಿ ಅಕ್ಕಿಕಾಳೊಂದು ಇಣುಕುತ್ತಿತ್ತು. ಒತ್ತಿದ. ಒಳಗೆ ಕರಕ್ ಎಂದಿತು. ಇನ್ನಷ್ಟು ಬಿಗಿಯಾಯಿತು.

“ಹೇಯ್, ಮುಟ್ಟಬೇಡ!” ರಮಾಮಣಿಯಮ್ಮ ಗದರಿದರು. “ಪ್ರತಿಷ್ಠೆ ಆದ ದೇವರು. ಮಂಡಲ ಮುಗಿಯುವವರೆಗೆ ಕದಲಿಸ್ಲಿಕ್ಕಿಲ್ಲ.”

“ಧಣಿಗಳೇ, ನೀವು ದೇವರಾಣೆ ಹಾಕಿದ್ದು...”

“ಇಲ್ಲ ಅಂತ ಯಾರು ಹೇಳಿದ್ದು?” ರಾಯರು ಅವನ ಬೆನ್ನು ತಟ್ಟಿದರು. “ಗಲ್ಲಾ ನಿಂದೇ. ದೇವರು ಕೂತುಕೊಳ್ಳಲಿ, ನೀನು ಪಕ್ಕದಲ್ಲಿ ನಿಂತು ಹಣ ತಗೊ. ನಿಂತು ಅಭ್ಯಾಸ ಉಂಟಲ್ಲ ನಿಂಗೆ! ಮಂಡಲ ಆದ ಮೇಲೂ ಅಲ್ಲೇ ಇರಲಿ ಅಂತ ನನ್ನ ಮನಸ್ಸು. ಗಿರಾಕಿಗಳಿಗೆ ಎಷ್ಟು ಖುಷಿಯಾಗಿದೆ ನೋಡು.”

ಸಂಕರ್ಷಣ ಕಾಫಿ ಲೋಟ ಹಿಡಿದುಕೊಂಡು ಬಂದ. “ಪುಂಡರೀಕಾಕ್ಷರೇ, ಬರುವಾಗ ಏನೋ ಅರ್ಜೆಂಟಲ್ಲಿ ಮಗು ತೊಡೆಯಲ್ಲಿ ಬಂತು. ಹೋಗುವಾಗ ಸೀಟಿಲ್ಲದೆ ನಾನು ಕರ್ಕೊಂಡು ಹೋಗುದಿಲ್ಲ. ನೀವು ಒಮ್ಮೆ ಠಾಣೆಗೆ ಹೋಗಿ ಇಂಥದ್ದೇ ಇನ್ನೊಂದು ಹುಡುಕಿ ತನ್ನಿ. ಕೂರಿಸುವ ಕ್ರಮ ಹೇಗೂ ಈಗ ನಿಮಗೆ ಗೊತ್ತುಂಟಲ್ಲ.”

ಪುಂಡರೀಕಾಕ್ಷ ಅಳಿಯನನ್ನು ನೋಡಿದ, ರಾಯರನ್ನು ನೋಡಿದ, ಪಟ್ಟಿ ಬಿಗಿದುಕೊಂಡು ಕಾಲು ಮಡಚಿ ಕೂತಿದ್ದ ಗಣಪತಿಯನ್ನು ನೋಡಿದ. ಹೆಗಲ ಮೇಲಿದ್ದ ಹೋಟೆಲಿನ ಟವೆಲು ತೆಗೆದು ದೇವರ ತೊಡೆಯ ಮೇಲಿಟ್ಟ.

“ತರ್ತೇನೆ,” ಎಂದ.

ಹೊರಗೆ ಬಸ್ಸು ನಿಂತಿತ್ತು. ಓಡಿ ಹತ್ತಿದ. ಕೂರಲು ಜಾಗವಿರಲಿಲ್ಲ. ಕಂಡಕ್ಟರು “ಪುಢೆ ಚಲಾ, ಪುಢೆ ಚಲಾ,” ಎಂದು ಬೆನ್ನಿಗೆ ಚುಚ್ಚಿದ. ಪುಂಡರೀಕಾಕ್ಷ ಮುಂದೆ ಹೋಗಿ ಕಂಬಿ ಹಿಡಿದು ನಿಂತ. ಠಾಣೆ ಬಂತು, ಇಳಿದ, ಜನರ ನಡುವೆ ನಡೆದ.

ವಾಶಿಯ ಹೋಟೆಲಿನಲ್ಲಿ ಅವತ್ತು ಮಧ್ಯಾಹ್ನದ ಊಟವಾಯಿತು, ಸಂಜೆಯ ಕಾಫಿಯಾಯಿತು. “ಎಲ್ಲಿ ಸತ್ತ ಈ ಪುಂಡರೀಕ?” ಎಂದು ರಾಯರು ಬಾಗಿಲಿಗೂ ಗಲ್ಲಾಕ್ಕೂ ಓಡಾಡಿದರು. ಹಸಿರು ಕುರ್ಚಿಯಲ್ಲಿ ಆಗಲೇ ದೇವರಿದ್ದುದರಿಂದ, ದುಡ್ಡನ್ನು ಅವರೇ ನಿಂತು ತೆಗೆದುಕೊಂಡರು.

ಅವನು ಬರಲಿಲ್ಲ.