ಮನಿ ಗಾಡಿಯ ಬಚ್ಚಲ ಪಂಖದವರ ಗದ್ದಲ ಕುರಿತು

ಭೀಮರಾಯನಗುಡಿಯ ಕಾಲುವೆ ದಂಡೆಯಲ್ಲಿ, ಬೇವಿನ ಮರದಡಿ ನಿಂತಿರುವ ಮನಿ ಗಾಡಿಯ ಬಚ್ಚಲ ನೆತ್ತಿಯ ಮೇಲೆ ವಿರಾಜಮಾನರಾಗಿರುವ, ಹೊಗೆ ಹೊರಹಾಕುವ ಪಂಖ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೂರೂ ರೆಕ್ಕೆಗಳಿಗೆ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ಕ್ಷೇಮವೇ ಎಂದು ವಿಚಾರಿಸುವುದು ವಾಡಿಕೆಯಾದರೂ ಅದರ ಅಗತ್ಯ ಕಾಣುವುದಿಲ್ಲ; ತಾವು ಕ್ಷೇಮವಾಗಿರುವುದು ಕಾಲುವೆಯ ಆಚೆ ದಂಡೆಯವರಿಗೂ ಕೇಳಿಸುತ್ತಿದೆ.

ತಾವು ಇಲ್ಲಿಗೆ ಹೊಸಬರಾದ್ದರಿಂದ ಮನೆತನದ ಪರಿಚಯ ಹೇಳಬೇಕು. ಕಾಲುವೆ ತೋಡುವ ಕಾಲದಲ್ಲಿ ಸಾಹೇಬರು ಅಳತೆಗೆಂದು ತಿರುಗುವಾಗ ಉಣ್ಣುವುದು, ಮಲಗುವುದು, ಮೀಯುವುದು ಎಲ್ಲ ಒಳಗೇ ಆಗಲೆಂದು ಮಾಡಿಸಿದ ಗಾಡಿ ಇದು, ಇದರ ಡ್ರೈವರು ನಾನು. ನೀರು ಹರಿಯಿತು, ಸಾಹೇಬರು ಹೋದರು, ಗಾಡಿ ಹರಾಜಿಗೆ ಬಂತು. ಸ್ಟೇರಿಂಗು ಮತ್ತೊಬ್ಬರ ಕೈಗೆ ಕೊಡಲು ಮನಸ್ಸಾಗದೆ ನಾನೇ ಹಿಡಿದೆ. ಅಂದಿನಿಂದ ಇದೇ ನಮ್ಮ ಮನೆ, ಆದ್ದರಿಂದ ನಮ್ಮ ಮಗಳು ಹಂಪಮ್ಮನಿಗೆ ಇದೇ ತವರು. ಚೊಚ್ಚಲ ಬಾಣಂತನ ತವರಲ್ಲಿ ಮೂರು ತಿಂಗಳು ತುಂಬಬೇಕೆಂಬುದು ನಮ್ಮ ಕಡೆಯ ಪದ್ಧತಿ, ಮತ್ತು ತವರಿಗೆ ಗಾಲಿ ಇರಬಾರದೆಂದು ಯಾವ ಹಿರಿಯರೂ ಹೇಳಿದ್ದಿಲ್ಲ.

ತಮ್ಮ ಸ್ಥಾನದಲ್ಲಿ ಮೊದಲು ಇದ್ದ ಪಂಖದವರು ಎಂಥ ಸಂಭಾವಿತರೆಂದರೆ, ತಿರುಗುತ್ತಿದ್ದಾರೋ ಇಲ್ಲವೋ ಎಂದು ಕತ್ತೆತ್ತಿ ನೋಡಿಯೇ ತಿಳಿಯಬೇಕಿತ್ತು. ಬಾಣಂತಿಗೆ ಎರೆದು, ಕೂಸಿಗೆ ಲೋಬಾನದ ಹೊಗೆ ಹಾಕುವುದು ಬಚ್ಚಲಲ್ಲೇ ಆದ್ದರಿಂದ ಅವರಿಗೆ ಕೈತುಂಬ ಕೆಲಸವಿತ್ತು. ಆದರೆ ನನ್ನ ಹೆಂಡತಿ ದೇವಕ್ಕನಿಗೆ ಆ ತೂತು ಕಂಡರೆ ಆಗದು. “ಬಾಣಂತಿಗಿ ಗಾಳಿ ತಾಕಿದ್ರ ಸಾಯೋತನ ತಲಿಶೂಲಿ ಬಿಡಂಗಿಲ್ಲ” ಎಂದು, ನನಗೊಂದು ಮಾತು ಹೇಳದೆ, ಪಂಖದ ಬಾಯಿಗೆ ಬಟ್ಟೆ ತುರುಕಿದಳು. ನಾನು ಏನೂ ಅರಿಯದೆ ಸ್ವಿಚ್ಚು ಒತ್ತಿದೆ. ಆ ಪುಣ್ಯಾತ್ಮರು ಬಾಯಿಬಿಟ್ಟು ಒಂದು ದೂರನ್ನೂ ಹೇಳದೆ ಸುಟ್ಟುಹೋದರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಮಗಳ ಮದುವೆಯಲ್ಲಿ ಬೀಗರು ನನ್ನ ತಲೆಗೆ ಸುತ್ತಿದ್ದ ರುಮಾಲು. ಅದನ್ನು ಕಾಲುವೆಯ ಗಾಳಿ ಹಾರಿಸಿಕೊಂಡು ಹೋಗಿದೆಯೆಂದು ನಾನು ಬೆಳಗಿನಿಂದ ಗಾಳಿಗೆ ಬೈಯುತ್ತಿದ್ದೆ.

ಅದೇ ಹೊತ್ತಿಗೆ ಸುರಪುರದಿಂದ ಬೀಗತಿ ಭೀಮಮ್ಮನವರು ಮೊಮ್ಮಗಳನ್ನು ನೋಡಲು ಬಂದರು. ಬಚ್ಚಲ ಬಾಗಿಲಿಂದ ಹೊಗೆ ಹೊರಳುವುದನ್ನು ಕಂಡು, ಗಾಡಿಗೆ ಬೆಂಕಿ ಬಿದ್ದಿದೆಯೆಂದು ಒಂದು ಕೊಡ ನೀರು ಎರಚಿದರು. ಅದು ನೇರವಾಗಿ ನನ್ನ ಮೇಲೆ ಬಿತ್ತು. ಆಮೇಲೆ ಅವರು ಹೇಳಿದ ಮಾತು ನೀರಿಗಿಂತ ತಣ್ಣಗಿತ್ತು: “ಇದು ತವರುಮನಿ ಅಲ್ರಿ ಬೀಗ್ರ, ಇಟ್ಟಂಗಿ ಭಟ್ಟಿ. ನಮ್ಮ ಮನಿ ಗ್ವಾಡಿ ಎಷ್ಟು ದಪ್ಪ ಅದಾವು, ಗುಬ್ಬಿ ಸಪ್ಪಳನೂ ಒಳಗ ಬರಂಗಿಲ್ಲ. ಸ್ವಾಮಾರ ಬಂದು ಇಬ್ರನ್ನೂ ಕರ್ಕೊಂಡು ಹೋಗ್ತೀನಿ.” ಹಂಪಮ್ಮ ಮೋರೆ ಆಚೆ ತಿರುವಿದಳು. ಮೂರು ತಿಂಗಳಲ್ಲಿ ಅರ್ಧವೂ ತುಂಬಿರಲಿಲ್ಲ. ಇಷ್ಟು ಬೇಗ ಅವರನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ, ಇದನ್ನು ಬಚ್ಚಲ ಪಂಖಕ್ಕಲ್ಲದೆ ಮತ್ಯಾರಿಗೆ ಹೇಳಲಿ?

ಶಹಾಪುರದ ನಬಿಸಾಬರ ರಿಪೇರಿ ಅಂಗಡಿಗೆ ಓಡಿದೆ. ಈ ಗಾಡಿಯ ತೂತಿಗೆ ಒಪ್ಪುವ ಪಂಖ ಪೇಟೆಯಲ್ಲೇ ಇಲ್ಲವೆಂದು ತಿಳಿದು, ಸಾಬರು ಲಾರಿ ಕ್ಯಾಬಿನ್ನಿನ ಪಂಖದ ಮೋಟರಿಗೆ ಕೂಲರಿನ ರೆಕ್ಕೆ ಕತ್ತರಿಸಿ ಜೋಡಿಸಿದರು. ಹೀಗೆ ತಮ್ಮ ಅವತಾರವಾಯಿತು. ತಾವು ಮೊದಲ ಸಲ ತಿರುಗಿದಾಗ ಮರದ ಕಾಗೆಗಳು ಎದ್ದವು, ದೇವಕ್ಕನ ಕೈಯ ಚರಿಗೆ ಬಿತ್ತು. ಸಾಬರು ಮಾತ್ರ “ಸಪ್ಪಳ ಬಂದ್ರ ಕೆಲಸ ಮಾಡಾಕತ್ತದಂತ ಗೊತ್ತಾಗ್ತದರಿ” ಎಂದು ಚಹಾ ಕುಡಿದು ಹೋದರು. ಎರೆಯುವಾಗ ತಾವು ಮೌನ, ಬಾಣಂತಿ ಹೊರಬಂದ ಮೇಲೆ ತಮ್ಮ ಆರ್ಭಟ ಎಂದು ದೇವಕ್ಕನೊಡನೆ ರಾಜಿಯಾಯಿತು, ಇದ್ದಬದ್ದ ರುಮಾಲುಗಳನ್ನು ನಾನು ಪೆಟ್ಟಿಗೆಗೆ ಹಾಕಿ ಕೀಲಿ ಜಡಿದೆ.

ಸೋಮವಾರ ಬೀಗತಿ ಬಂದರು. ಹೊಗೆ ಇರಲಿಲ್ಲ, ತಾವಿದ್ದಿರಿ. “ಭಟ್ಟಿ ಹೋಗಿ ಗಿರಣಿ ಬಂತೇನ್ರಿ?” ಎಂದು ಎರಡೂ ಕಿವಿ ಮುಚ್ಚಿಕೊಂಡು, ಬಾಣಂತಿಯನ್ನೂ ಕೂಸನ್ನೂ ಬಸ್ಸು ಹತ್ತಿಸಿಯೇಬಿಟ್ಟರು. ಆ ಸಂಜೆ ತಮ್ಮನ್ನು ಮನಸಾರೆ ಬೈದೆ, ದಾಖಲೆಯಲ್ಲಿರಲಿ.

ಮರುದಿನ ಮೊದಲ ಬಸ್ಸಿಗೇ ಮೂವರೂ ಹಿಂದಿರುಗಿದರು. ಬಸ್ಸಿನ ಗದ್ದಲದಲ್ಲಿ ಹಾಯಾಗಿ ಮಲಗಿದ್ದ ಕೂಸು, ಸುರಪುರದ ಆ ದಪ್ಪ ಗೋಡೆಗಳ ನಡುವೆ ಕಣ್ಣು ಬಿಟ್ಟದ್ದು ಮುಚ್ಚಲೇ ಇಲ್ಲವಂತೆ. ದೃಷ್ಟಿ ತೆಗೆದರಂತೆ, ಬಜೆ ತೇಯ್ದು ನೆಕ್ಕಿಸಿದರಂತೆ, ಕೊನೆಗೆ ಭೀಮಮ್ಮನವರೇ ಕುಳಿತು ಖಾಲಿ ಬೀಸುಕಲ್ಲು ತಿರುವಿದರಂತೆ. ಕೂಸು ಅದಕ್ಕೆ ಕಣ್ಣು ಮಿಟುಕಿಸಿ ಮತ್ತೆ ಕಿರುಚಿತಂತೆ. ಇಲ್ಲಿ ದೇವಕ್ಕ ಸ್ವಿಚ್ಚು ಒತ್ತಿದಳು. ತಾವು ಗರಗರ ಅಂದಿರಿ, ಕೂಸು ಅಜ್ಜಿಯ ತೊಡೆಯ ಮೇಲೇ ನಿದ್ದೆ ಹೋಯಿತು. ಭೀಮಮ್ಮನವರು ಕತ್ತೆತ್ತಿ ತಮ್ಮನ್ನು ನೋಡಿ, “ಮೂರು ತಿಂಗಳು ತುಂಬೂತನ ಇಲ್ಲೇ ಇರ್ಲಿ ಬಿಡ್ರಿ” ಎಂದರು.

ಆದ್ದರಿಂದ ಮಾನ್ಯರೇ, ಗದ್ದಲ ಕುರಿತ ದೂರನ್ನು ಈ ಮೂಲಕ ಹಿಂತೆಗೆದುಕೊಂಡು, ತಾವು ಯಾವ ಕಾರಣಕ್ಕೂ ಸುಧಾರಿಸಬಾರದೆಂದು ಪ್ರಾರ್ಥಿಸುತ್ತೇನೆ. ಹೊಗೆಯನ್ನು ಹೊರಗೆ ಕಳಿಸಿ, ಗಾಳಿಯನ್ನು ಬಾಣಂತಿಯ ಕಿವಿಗೆ ತಾಕಿಸದೆ, ಬ್ಯಾಟರಿ ತಿನ್ನದೆ, ಸುರಪುರದ ಜನ ಬಂದ ದಿನ ಇನ್ನಷ್ಟು ಗರ್ಜಿಸಬೇಕೆಂದೂ, ಸಾಧ್ಯವಾದರೆ ಮೂರು ತಿಂಗಳನ್ನು ತಿರುಗಿ ತಿರುಗಿ ಆರು ಮಾಡಬೇಕೆಂದೂ ಕೋರುತ್ತೇನೆ. ಎಣ್ಣೆಡಬ್ಬಿ ಹಿಡಿದು ಬಂದಿದ್ದ ನಬಿಸಾಬರನ್ನು ಚಹಾ ಕೊಟ್ಟು ಹಾಗೆಯೇ ಹಿಂದಕ್ಕೆ ಕಳಿಸಿದ್ದೇನೆ.

ಕಿವುಡಾಗುತ್ತಲೂ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಅಮರಪ್ಪ, ಡ್ರೈವರ್

ತಾ.ಕ.: ತಮ್ಮಂಥದೇ ಇನ್ನೊಂದು ಪಂಖ ಸುರಪುರದ ಮನೆಗೆ ಬೇಕೆಂದು ಭೀಮಮ್ಮನವರು ಗುಟ್ಟಾಗಿ ನಬಿಸಾಬರಿಗೆ ಹೇಳಿ ಹೋಗಿದ್ದಾರೆ. ಬೀಗತಿಯ ಮಾತು ಮೀರಬಾರದು, ಚಂದಾಗಿ ಮಾಡಿಕೊಡಿರೆಂದು ನಾನೂ ಸಾಬರಿಗೆ ಹೇಳಿ ಬಂದಿದ್ದೇನೆ. ಸಪ್ಪಳ ಮಾತ್ರ ಒಂದಿಷ್ಟೂ ಬರದ ಹಾಗೆ.